ಎರಡು ಸಾವಿರಕ್ಕೆ ‘ಆತು’

ಬೆಳಿಗ್ಗೆ ಹಿತ್ತಲಿಗೆ ಕಾಲಿಟ್ಟರೆ ಕಳಿತ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಮರದ ವ್ಯಾಪಾರಿಯೊಬ್ಬ ಬಂದು ಬುಡವನ್ನು ಎರಡು ಸಲ ತಟ್ಟಿ, “ಕೊಡ್ತ್ರಾ? ಕಡಿಯೂದು, ಸಾಗ್ಸೂದು ಎಲ್ಲ ನಂದೇ. ಮೇಲಿಂದ ನಿಮ್ಗೇ ಹತ್ತು ಸಾವಿರ ಕೊಡ್ತೆ” ಎಂದ. ಮರ ಮನೆಯ ಮೇಲೆ ವಾಲಿದೆ. ಬರುವ ಮಳೆಗಾಲದ ಗಾಳಿಗೆ ಹಂಚಿನ ಮಾಡಿನ ಮೇಲೆ ಕೂತರೂ ಕೂತೀತು. ಬಾಗಿಲ ಮರೆಯಿಂದ ಹೆಂಡತಿ ‘ಹೂಂ ಅನ್ನಿ’ ಎಂದು ಸನ್ನೆ ಮಾಡಿದಳು. ಆದರೆ ಅದು ತೀರಿಹೋದ ನನ್ನ ಭಾವ ನೆಟ್ಟ ಮರ. ಅದರ ತುದಿಯನ್ನೇ ನೋಡುತ್ತ ನಿಂತೆ. ಒಂದು ಕಾಲಕ್ಕೆ ಮರಗಳಿಗೆ ರೇಟು ಹೇಳುವುದೇ ನನ್ನ ಕಸುಬಾಗಿತ್ತು ಅಂದರೆ ನೀವು ನಗುತ್ತೀರಿ.

ಭಾವ ಅಂದರೆ ಅಕ್ಕನ ಗಂಡ. ತೊಂಬತ್ತರ ದಶಕದ ಕೊನೆಗೆ ನಾವಿಬ್ಬರೂ ಸೇರಿ ಹಳದೀಪುರದಲ್ಲಿ ಮರ ಕಡಿಯುವ, ಗೆಲ್ಲು-ಕೊಂಬೆ ಇಳಿಸುವ ಉದ್ಯೋಗ ಶುರುಮಾಡಿದ್ದೆವು. ಹತ್ತುವುದು ಅವನು, ಮಾತಾಡುವುದು ನಾನು. ನನಗೆ ಎತ್ತರ ಕಂಡರೆ ತಲೆ ಸುತ್ತುತ್ತಿತ್ತು, ಅವನಿಗೆ ಗಿರಾಕಿ ಕಂಡರೆ. ಬಯಲಿನ ಮರಕ್ಕೆ ಒಂದು ರೇಟು, ಹಂಚಿನ ಮೇಲೆ ಚಾಚಿದ್ದಕ್ಕೆ ಇನ್ನೊಂದು, ಕರೆಂಟಿನ ತಂತಿ ಇದ್ದರೆ ಮತ್ತೊಂದು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ನೋಡುತ್ತಿದ್ದದ್ದು ಮರವನ್ನಲ್ಲ, ಭಾವನ ಮುಖವನ್ನು. ಅವನು ಮರ ನೋಡಿ ಬೀಡಿ ಹಚ್ಚಿದರೆ ಕಷ್ಟದ ಕೆಲಸ, ರೇಟು ಏರಿತು. ಬೀಡಿ ಖಾಲಿಯಾದ ದಿನ ಎಷ್ಟೋ ಕಷ್ಟದ ಮರಗಳು ಅಗ್ಗಕ್ಕೆ ಹೋದವು.

ಊರಿಂದ ಊರಿಗೆ ಚೌಕಾಸಿಯೂ ಬೇರೆ. ಭಟ್ಕಳದಲ್ಲಿ ಸಾವಿರ ಅಂದರೆ ನಗುತ್ತ ಚಹಾ ತರಿಸುತ್ತಿದ್ದರು. ಚಹಾ ಮುಗಿಯುವಷ್ಟರಲ್ಲಿ ಅದು ಏಳುನೂರಾಗಿರುತ್ತಿತ್ತು. ಹೇಗೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಕುಮಟೆಯವರು ಮಾತ್ರ ‘ಅದು ಹೇಗೆ ಸಾವಿರ’ ಎಂದು ಬಿಡಿಸಿ ಕೇಳುತ್ತಿದ್ದರು. ಬಿಡಿಸಿ ಹೇಳಲು ನನಗೆ ಗೊತ್ತಿರಬೇಕಲ್ಲ. ಇದರ ಮೇಲೆ ಇನ್ನೊಂದು ಗೋಜಲು: ಕೆಲವು ಮರ ಕಡಿದರೆ ಮನೆಯವರು ನಮಗೆ ಕೊಡಬೇಕು, ಬೆಲೆಬಾಳುವ ಮರವನ್ನು ನಾವೇ ಒಯ್ದರೆ ನಾವು ಅವರಿಗೆ ಕೊಡಬೇಕು. ಮಾವಿನ ಮರ ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಕಾಸರಕೋಡಿನ ಗಿರಿಜಕ್ಕ ಮೀನು ಮಾರುವ ಹೆಂಗಸು, ಬೋಟಿನಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡಿದ್ದ. ಅವಳ ಮಾಡಿನ ಮೇಲೆ ಮಾವಿನ ಮರವೊಂದು ವಾಲಿತ್ತು. ಭಾವ ನೋಡಿದ, ಬೀಡಿ ಹಚ್ಚಿದ. “ಎರಡು ಸಾವಿರಕ್ಕೆ ಆತಾ?” ಎಂದು ನಾನು ಕೇಳಿದೆ. “ಆತು” ಎಂದಳು. ಚೌಕಾಸಿಯೇ ಇಲ್ಲ. ಇನ್ನೂ ಐನೂರು ಸೇರಿಸಬೇಕಿತ್ತೇನೋ ಎಂದು ಮನಸ್ಸಿಗೆ ಇರಿಸುಮುರಿಸಾಯಿತು.

ಸಂಜೆಯೊಳಗೆ ಮರ ಇಳಿಯಿತು. ಒಂದು ಹಂಚೂ ಒಡೆಯಲಿಲ್ಲ. ಭಾವ ಬೆವರು ಒರೆಸಿಕೊಂಡು ಜಗುಲಿಯಲ್ಲಿ ಕೂತ. ನಾನು ಕೈ ಚಾಚಿದೆ. ಅವಳೂ ಚಾಚಿದಳು.

“ಎಂತ ಗಿರಿಜಕ್ಕ?”

“ಎರಡು ಸಾವಿರ. ನೀವೇ ಅಂದ್ರಲ್ಲ.”

“ಕಡಿದದ್ದು ನಾವು.”

“ಮರ ನಂದಲ್ವಾ? ನಮ್ಮನೆಯವ್ರು ನೆಟ್ಟದ್ದು. ಅವ್ರು ನೆಟ್ಟ ಮರನ ನಾನು ದುಡ್ಡು ಕೊಟ್ಟು ಕೊಲ್ಲಿಸ್ತೆನಾ?”

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಭಾವ ಎದ್ದು ಹಗ್ಗ ಸುತ್ತಿದ. ಮರುದಿನ ಹಣ್ಣಿನ ಪೆಟ್ಟಿಗೆ ಮಾಡುವ ಮಿಲ್ಲಿಗೆ ದಿಮ್ಮಿ ಸಾಗಿಸಿ, ಬಂದದ್ದಕ್ಕೆ ತನ್ನದೂ ಸ್ವಲ್ಪ ಸೇರಿಸಿ ಅವಳ ಕೈಗಿಟ್ಟ. ನಮಗೆ ಉಳಿದದ್ದು ಸೌದೆ, ಅದೂ ಹಸಿ. ನನಗೆ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು.

“ಕೆಲ್ಸ ಮಾಡ್ದವ್ರೂ ನಾವು, ದುಡ್ಡು ಕೊಟ್ಟವ್ರೂ ನಾವು. ಇದ್ಯಾವ ಲೆಕ್ಕ ಭಾವ?”

“ನಂಗೂ ತಿಳೀಲಿಲ್ಲ ಮಾರಾಯ. ಅವ್ಳು ಹೇಳ್ವಾಗ ಅವ್ಳದ್ದು ಸರಿ ಕಂಡ್ತು, ನೀ ಹೇಳ್ವಾಗ ನಿಂದು. ಈಗ ಮನೇಲಿ ನಿನ್ನಕ್ಕಂಗೆ ಎಂತ ಹೇಳೂದು, ಅದ್ನ ಮೊದ್ಲು ಹೇಳು.”

ಅಕ್ಕನಿಗೆ ಏನು ಹೇಳಿದೆವೋ ಮರೆತಿದೆ. ಅಂದಿನಿಂದ ಮಾತ್ರ ರೇಟಿಗೆ ಮೊದಲು ‘ನೀವು ನಮಗೆ ಕೊಡೂದು’ ಎಂದು ಸೇರಿಸತೊಡಗಿದೆ. ಇವನಿಗೇನಾಯಿತು ಎಂಬಂತೆ ಜನ ನೋಡುತ್ತಿದ್ದರು. ಕೆಲವು ವರ್ಷ ಕಳೆದು ನಾನು ಈ ಮನೆ ಕಟ್ಟಿದಾಗ ಭಾವ ಹಲಸಿನ ಸಸಿ ತಂದು ನೆಟ್ಟ. ಗೋಡೆಗೆ ತೀರ ಹತ್ತಿರವಾಯಿತೆಂದು ನಾನು ಗೊಣಗಿದೆ. “ದೊಡ್ಡದಾದ್ಮೇಲೆ ನಾನೇ ಬಂದು ಕಡೀತೆ, ರೇಟು ನೀನೇ ಹೇಳು” ಎಂದು ನಕ್ಕಿದ್ದ. ಎಷ್ಟೆಷ್ಟೋ ಮರ ಹತ್ತಿ ಇಳಿದವನು ಒಂದು ಜ್ವರಕ್ಕೆ ಹೋಗಿಬಿಟ್ಟ. ಅವನಿಲ್ಲದೆ ನನಗೆ ಯಾವ ಮರದ ರೇಟೂ ಹೊಳೆಯಲಿಲ್ಲ, ಉದ್ಯೋಗ ನಿಂತಿತು.

“ಹನ್ನೆರಡು ಕೊಡ್ತೆ” ಎಂದ ವ್ಯಾಪಾರಿ. ನಾನು ಸುಮ್ಮನಿದ್ದದ್ದನ್ನು ಚೌಕಾಸಿ ಎಂದುಕೊಂಡಿದ್ದ. ದುಡ್ಡು ಕೊಟ್ಟು ಕೊಲ್ಲಿಸುವುದು ಬೇಡವೆಂದಿದ್ದಳು ಗಿರಿಜಕ್ಕ. ತೆಗೆದುಕೊಂಡು ಕೊಲ್ಲಿಸುವುದು ಸುಲಭವೆಂದು ಅವಳಿಗೆ ಯಾರು ಹೇಳಿದ್ದರೋ. ಸುಲಭವಲ್ಲ, ಈಗ ನನಗೇ ಗೊತ್ತಾಯಿತು.

“ಮರ ಕೊಡೂದಿಲ್ಲ” ಎಂದೆ. “ಮಾಡಿನ ಮೇಲೆ ಬಂದ ಗೆಲ್ಲು ಇಳಿಸಿ ಹಗುರ ಮಾಡ್ಕೊಡು.”

“ಹಂಗಾರೆ ನೀವು ನಂಗೆ ದುಡ್ಡು ಕೊಡ್ಬೇಕಾಗ್ತದೆ.”

“ಕೊಡ್ತೆ. ಏಣಿ ತರ್ಲಾ?”

“ಎಷ್ಟು ಅಂತ ನಾ ಇನ್ನೂ ಹೇಳ್ಲೇ ಇಲ್ಲ” ಎಂದು ಅವನು ನನ್ನ ಮುಖವನ್ನೇ ನೋಡುತ್ತ ನಿಂತ.