ಕಿತ್ತುಕೊಂಡ ಮುಂದಿನ ಗಾಲಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಹುಮ್ನಾಬಾದಿನಲ್ಲಿ ಕಾಲೇಜು ಓದುತ್ತಿದ್ದೆ. ಅಪ್ಪನದು ಅಡತಿ ಅಂಗಡಿ, ತೊಗರಿ ಮತ್ತು ಜೋಳದ ವ್ಯಾಪಾರ. ಕಾಲೇಜಿಗೆ ಹೋಗಲೆಂದು ಅಪ್ಪ ಕೊಡಿಸಿದ ಸೈಕಲ್ ಹತ್ತಿ ನಾನು ಬೆಳಗಾಗುವ ಹೊತ್ತಿಗೆ ಹೆದ್ದಾರಿ ಹಿಡಿದು ಮನ್ನಾಏಖೇಳ್ಳಿಯವರೆಗೆ ಹೋಗಿ ಬರುತ್ತಿದ್ದೆ. ಯಾಕೆಂದು ಕೇಳಿದವರಿಗೆ ಹೇಳಲು ನನ್ನ ಬಳಿ ಕಾರಣವೇ ಇರಲಿಲ್ಲ. ಗಾಳಿ ಮುಖಕ್ಕೆ ಹೊಡೆಯುವುದು ಇಷ್ಟವಾಗಿತ್ತು, ಅಷ್ಟೆ. ಲಾರಿ ಡ್ರೈವರುಗಳು ಹಾರ್ನ್ ಬಾರಿಸಿ ನಗುತ್ತಿದ್ದರು. ಅವ್ವ ಬೈಯುತ್ತಿದ್ದಳು. ನಾನು ಬಿಡಲಿಲ್ಲ.

ಆ ವರ್ಷ ಹುಮ್ನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹುಡುಗಿಯರ ಸೈಕಲ್ ಸ್ಪರ್ಧೆ ಇಟ್ಟರು, ನಾನೂ ಹೆಸರು ಕೊಟ್ಟೆ. ಅಲ್ಲೇ ನಾನು ಅವಳನ್ನು ಮೊದಲು ನೋಡಿದ್ದು. ಗಂಡಸರ ಎತ್ತರದ ಕರಿ ಸೈಕಲ್, ಪೈಜಾಮದ ಅಂಚಿಗೆ ಸುತಳಿ ಬಿಗಿದಿದ್ದಳು. ಮುಡಬಿ ಕಡೆಯಿಂದ ಬಂದು ಬಸವಕಲ್ಯಾಣದಲ್ಲಿ ನೆಲೆಸಿದ ಕೂಲಿಯವರ ಮಗಳು. ಹೊಲಗಳಿಂದ ಮೇವಿನ ಹೊರೆ ಕ್ಯಾರಿಯರಿಗೆ ಕಟ್ಟಿಕೊಂಡು ತುಳಿದು ತುಳಿದು ಅವಳ ಕಾಲು ಕಬ್ಬಿಣವಾಗಿತ್ತು. ಏರು ಬಂದಾಗ ನಾವೆಲ್ಲ ಸೀಟಿನಿಂದ ಎದ್ದು ಏದುಸಿರು ಬಿಟ್ಟರೆ ಅವಳು ಕೂತೇ ಹೋದಳು. ನಾನು ಎರಡನೆಯವಳಾಗಿ ಮುಟ್ಟಿದಾಗ ಅವಳು ಬೇವಿನ ಗಿಡದ ಕೆಳಗೆ ನೀರು ಕುಡಿಯುತ್ತಿದ್ದಳು.

"ಅಕ್ಕಾ, ಮುಗೀತೇನ್ರಿ? ಇಷ್ಟೇ ಏನು?" ಎಂದಳು.

ಆಮೇಲೆ ಇಬ್ಬರೂ ಹೆದ್ದಾರಿಯ ನಡುವೆ ಎಲ್ಲಾದರೂ ಎದುರಾಗಿ ಒಟ್ಟಿಗೆ ಓಡಿಸತೊಡಗಿದೆವು. ಒಮ್ಮೊಮ್ಮೆ ನಮ್ಮ ಮನೆಗೂ ಬರುತ್ತಿದ್ದಳು. ಅವರ ಮನೆಯವರು ಬೌದ್ಧರಾದ ದಲಿತರು ಎಂದು ತಿಳಿದ ಅವ್ವ ಮೊದಮೊದಲು ಅವಳಿಗೆ ಹೊರಗಿನ ಕಟ್ಟೆಯ ಮೇಲೆ ಚಹಾ ಕೊಟ್ಟಳು. ನಾನೂ ನನ್ನ ಕಪ್ಪು ತಂದು ಕಟ್ಟೆಯ ಮೇಲೇ ಕುಡಿದೆ. ಕೆಲವು ವಾರ ಹೀಗೇ ಆದ ಮೇಲೆ ಅವ್ವನೇ ಸಾಕಾಗಿ, "ಒಳಗ ಬಂದು ಕುಡೀರಿ ಇಬ್ಬರೂ, ಬೀದ್ಯಾಗ ಯಾಕ ತಮಾಷಾ?" ಎಂದಳು.

ಆ ಸ್ಪರ್ಧೆ ನೋಡಿ ನಮ್ಮಿಬ್ಬರನ್ನೂ ರಾಜ್ಯದ ರಾಜಧಾನಿಯ ತರಬೇತಿ ಶಿಬಿರಕ್ಕೆ ಕರೆದರು. ಅದನ್ನು ನಡೆಸುತ್ತಿದ್ದ ಸಂಘದ ಹೆಸರು ಬರೆಯುವುದಿಲ್ಲ. ಅದು ಎಂದೋ ಬಾಗಿಲು ಮುಚ್ಚಿತು. ದಿಲ್ಲಿಯ ಒಕ್ಕೂಟದಿಂದ ಈ ಸಂಘಕ್ಕೆ ರೇಸಿಂಗ್ ಸೈಕಲ್, ಟಯರು, ಓಡಿಸುವವರ ಊಟದ ಹಣ ಎಲ್ಲ ಬರುತ್ತದೆಂದು ಮೊದಲ ದಿನವೇ ಭಾಷಣದಲ್ಲಿ ಕೇಳಿದೆವು. ಕಣ್ಣಾರೆ ಕಂಡದ್ದು ಬೇರೆ. ಹಗುರವಾದ ರೇಸಿಂಗ್ ಸೈಕಲ್‌ಗಳು ಸಂಘದ ಕಾರ್ಯದರ್ಶಿಯ ಮನೆಯಲ್ಲಿ ಬೀಗದೊಳಗಿದ್ದವು. ಅವನ ಅಣ್ಣನ ಮಗಳು ಅವುಗಳಲ್ಲೊಂದನ್ನು ಹತ್ತಿ ಶಿಬಿರಕ್ಕೆ ಬರುತ್ತಿದ್ದಳು.

"ನಮಗೂ ಒಮ್ಮೆ ಕೊಡಿ ಸಾರ್," ಎಂದು ನಾನು ಕಾರ್ಯದರ್ಶಿಯನ್ನು ಕೇಳಿದೆ.

"ನಿಮಗೆ ಅಭ್ಯಾಸ ಇಲ್ಲಮ್ಮ, ಗೇರು ಹಾಳು ಮಾಡ್ತೀರಿ," ಎಂದ.

ಅಭ್ಯಾಸವಾಗುವುದು ಹೇಗೆ, ಮುಟ್ಟಲು ಬಿಡದಿದ್ದರೆ? ಈ ಪ್ರಶ್ನೆಯನ್ನು ಆಗ ಕೇಳಲಿಲ್ಲ. ಈಗ ನೆನೆದರೂ ಹಲ್ಲು ಕಚ್ಚುವಂತಾಗುತ್ತದೆ.

ಬೆಳಗ್ಗೆ ಒಂದು ಸೌಟು ಉಪ್ಪಿಟ್ಟು, ನೀರು ಚಹಾ. ಒಂದು ದಿನ ಮಾತ್ರ ಮೇಜಿನ ಮೇಲೆ ಮೊಟ್ಟೆ, ಹಾಲು, ಬಾಳೆಹಣ್ಣು ಸಾಲಾಗಿ ಬಂದು ಕೂತವು. ದಿಲ್ಲಿಯಿಂದ ಯಾರೋ ತಪಾಸಣೆಗೆ ಬಂದಿದ್ದರು. ಅವರು ನಮ್ಮ ಹಿಂದೆ ನಿಂತು ಫೋಟೋ ತೆಗೆಸಿಕೊಂಡರು, ಕೈ ಕುಲುಕಿ ಕಾರು ಹತ್ತಿದರು. ಕಾರು ಗೇಟು ದಾಟಿತೋ ಇಲ್ಲವೋ, ಅಡುಗೆಯವನು ಬುಟ್ಟಿ ಹಿಡಿದು ಬಂದು ಬಾಳೆಹಣ್ಣುಗಳನ್ನು ವಾಪಸು ಆರಿಸತೊಡಗಿದ. ನನ್ನ ಪಕ್ಕದಲ್ಲಿದ್ದ ಅವಳು ಆಗಲೇ ಸಿಪ್ಪೆ ಸುಲಿದಿದ್ದಳು.

"ಜಲ್ದಿ ತಿನ್ರಿ ಅಕ್ಕಾ. ಹೊಟ್ಟ್ಯಾಗ ಹ್ವಾದದ್ದು ಹ್ಯಾಂಗ ತಗೋತಾರ ನೋಡೂಣು," ಎಂದಳು. ನಾವಿಬ್ಬರೂ ಬಾಯಿ ತುಂಬ ತುಂಬಿಕೊಂಡೆವು.

ಶಿಬಿರದ ಕೊನೆಗೆ ರಾಷ್ಟ್ರಮಟ್ಟದ ಸ್ಪರ್ಧೆಗೆ ತಂಡ ಆರಿಸಿದರು. ಅವಳು ತಂಡದಲ್ಲಿ, ಕಾರ್ಯದರ್ಶಿಯ ಅಣ್ಣನ ಮಗಳೂ ತಂಡದಲ್ಲಿ. ನಾನು ಹೆಚ್ಚುವರಿ, ಯಾರಾದರೂ ಬಿದ್ದರೆ ಇರಲಿ ಎಂದು. ಎಲ್ಲ ಮುಗಿಯಿತು ಎನ್ನುವಾಗ ಕಾರ್ಯದರ್ಶಿ ಅವಳನ್ನು ಕರೆದು, "ಹೊರಡೋ ಹೊತ್ತಿಗೆ ನಿನ್ನದೇ ರೇಸಿಂಗ್ ಸೈಕಲ್ ಇರಬೇಕು. ಇಲ್ದಿದ್ರೆ ನಿನ್ನ ಜಾಗಕ್ಕೆ ಹೆಚ್ಚುವರಿ ಹುಡುಗಿ ಹೋಗ್ತಾಳೆ," ಎಂದ. ಸಂಘದ ಸೈಕಲ್ ಅವನ ಮನೆಯಲ್ಲಿ ಒರಗಿ ನಿಂತಿತ್ತು. ಕೂಲಿಯವರ ಮಗಳು ಎಲ್ಲಿಂದ ತರಬೇಕು? ತರಲಾರಳು ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹೈದರಾಬಾದಿಗೆ ಹೋಗಿ ರೇಸಿಂಗ್ ಸೈಕಲ್ ಒಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ನನಗಾಗಿ. ನಾನು ಹ್ಯಾಂಡಲ್ ಹಿಡಿದು, "ಅಪ್ಪ, ಇದರ ಮ್ಯಾಲೆ ಅಕಿ ಕೂಡಬೇಕು. ಜಾಗ ಅಕಿಂದು," ಎಂದೆ.

ಅಪ್ಪನಿಗೆ ಸಿಟ್ಟು ಬಂತು. "ನಾ ತಂದದ್ದು ನಿನಗ," ಎಂದು ಅಂಗಡಿಗೆ ಹೊರಟುಹೋದರು. ಸಂಜೆ ಊಟಕ್ಕೆ ಕೂತಾಗ ತಲೆ ಎತ್ತದೆ ಕೇಳಿದರು. "ಖರೇ ಹೇಳು. ಅಕಿ ನಿನಗಿಂತ ಜೋರು ಹೊಡಿತಾಳೇನು?"

"ಹೌದಪ್ಪ. ಭಾಳ ಜೋರು."

ರೊಟ್ಟಿ ಮುರಿಯುತ್ತ, "ಹಂಗಾದ್ರ ನೀವು ಹೊರಡೂ ದಿನ ನಾನೂ ಸ್ಟೇಷನ್ನಿಗೆ ಬರ್ತೀನಿ," ಎಂದರು.

ಬಂದರು ಕೂಡ. ತಂಡ ಹೊರಡುವ ಪ್ಲಾಟ್‌ಫಾರಂ ಮೇಲೆ ಹೊಸ ಸೈಕಲ್ ನೋಡಿ ಕಾರ್ಯದರ್ಶಿ ಮುಖ ಅರಳಿಸಿದ. "ಒಳ್ಳೇದಾಯ್ತು ಯಜಮಾನ್ರೆ. ಸೈಕಲ್ ನಿಮ್ಮದು ಅಂದ್ಮೇಲೆ ನಿಮ್ಮ ಮಗಳೇ ಓಡಿಸಲಿ."

"ಸಾಹೇಬ್ರ, ಸೈಕಲ್ ನಂದು. ಅದರ ಮ್ಯಾಲೆ ಯಾರು ಕೂಡಬೇಕು ಅಂತ ನಾ ಹೇಳ್ತೀನಿ, ನೀವಲ್ಲ. ಈ ಪೋರಿ ಗೆದ್ದು ಜಾಗಾ ತಗೊಂಡಾಳ," ಎಂದರು ಅಪ್ಪ. ಪೇಟೆಯಲ್ಲಿ ರೈತರೊಡನೆಯೂ ದನಿ ಎತ್ತದ ಮನುಷ್ಯ. ಅವಳು ಅಪ್ಪನ ಕಾಲಿಗೆ ಬಾಗಲು ಹೋದಳು. "ಬಾಗಬ್ಯಾಡ, ಹೊಡಿ," ಎಂದರು.

ರೈಲಿನಲ್ಲಿ ಕಾರ್ಯದರ್ಶಿ, ಅವನ ಹೆಂಡತಿ, ಹೆಂಡತಿಯ ತಮ್ಮ, ಎಲ್ಲರಿಗೂ ಮಲಗುವ ಸೀಟು. ಹೆಂಡತಿ ಹುಡುಗಿಯರ ಮೇಲ್ವಿಚಾರಕಿಯಂತೆ, ತಮ್ಮ ಮ್ಯಾನೇಜರನಂತೆ. ನಾವು ಹುಡುಗಿಯರು ಜನರಲ್ ಬೋಗಿಯಲ್ಲಿ, ಶೌಚಾಲಯದ ಪಕ್ಕ, ಸೈಕಲ್ ತಬ್ಬಿಕೊಂಡು. ಅಣ್ಣನ ಮಗಳು ಮಾತ್ರ ಚಿಕ್ಕಪ್ಪನ ಜೊತೆ.

ಸ್ಪರ್ಧೆಯ ದಿನ ನನ್ನನ್ನು ಒಂದು ಏರಿನ ತುದಿಯಲ್ಲಿ ನೀರಿನ ಬಾಟಲಿ ಕೊಡಲು ನಿಲ್ಲಿಸಿದ್ದರು. ಪ್ರತಿ ತಂಡದ ಹಿಂದೆ ಒಂದು ಜೀಪು. ಅದರಲ್ಲಿ ಹೆಚ್ಚುವರಿ ಗಾಲಿಗಳಿರಬೇಕು, ಪಂಕ್ಚರ್ ಆದರೆ ಬದಲಿಸಲು. ನಮ್ಮ ಜೀಪಿನಲ್ಲಿ ಗಾಲಿಗಳ ಜಾಗದಲ್ಲಿ ಕಾರ್ಯದರ್ಶಿಯ ಹೆಂಡತಿ ಮತ್ತು ಆಕೆ ಪೇಟೆಯಲ್ಲಿ ಕೊಂಡ ಸೀರೆಗಳ ಗಂಟು.

ಮೊದಲ ಗುಂಪು ಏರು ಹತ್ತಿ ಬಂತು. ಅವಳು ಅದರಲ್ಲಿದ್ದಳು! ದೊಡ್ಡ ದೊಡ್ಡ ರಾಜ್ಯಗಳ ಹುಡುಗಿಯರ ನಡುವೆ, ಅದೇ ರೀತಿ, ಸೀಟು ಬಿಡದೆ. ನಾನು ಕಿರುಚಿದೆ. ಅಷ್ಟರಲ್ಲಿ ಹಿಂದಿನಿಂದ ನಮ್ಮ ಜೀಪು ಹಾರ್ನ್ ಹೊಡೆಯುತ್ತ ಬಂದು ಅವಳಿಗೆ ಅಡ್ಡ ನಿಂತಿತು.

ಕಾರ್ಯದರ್ಶಿ ಇಳಿದ. "ಇಳಿ ಇಳಿ. ಹಿಂದೆ ನಮ್ಮಣ್ಣನ ಮಗಳಿಗೆ ಪಂಕ್ಚರ್ ಆಗಿದೆ, ನಿನ್ನ ಗಾಲಿ ಬೇಕು."

ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಮುಂದಿದ್ದವಳ ಗಾಲಿ ಕಿತ್ತು ಎಷ್ಟೋ ಹಿಂದೆ ಬಿದ್ದವಳಿಗೆ ಕೊಡುವುದು ಯಾವ ಲೋಕದ ಆಟ? ಮ್ಯಾನೇಜರ್ ಎನ್ನಿಸಿಕೊಂಡವನು ಮುಂದಿನ ಗಾಲಿಯ ಕೀಲು ಸಡಿಲಿಸಿ ಎಳೆದುಕೊಂಡೇ ಬಿಟ್ಟ.

"ಅದು ನಮ್ಮಪ್ಪ ತಂದ ಗಾಲಿ!" ಎಂದು ನಾನು ಜೀಪಿನ ಬಾಗಿಲು ಹಿಡಿದೆ.

"ನೋಡಮ್ಮ, ಇದು ತಂಡದ ವಿಷಯ. ಶಿಸ್ತು ಇರಲಿ," ಎಂದು ನನ್ನ ಕೈ ಬಿಡಿಸಿ ಹೊರಟುಹೋದ.

ಅವಳು ಧೂಳಿನಲ್ಲಿ ನಿಂತಿದ್ದಳು. ಗುಂಪು ತಿರುವಿನಲ್ಲಿ ಮರೆಯಾಯಿತು. ಆಗ ಅವಳು ಸೈಕಲ್‌ನ ಮುಂಭಾಗವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹಿಂದಿನ ಗಾಲಿ ಉರುಳಿಸುತ್ತ ಓಡತೊಡಗಿದಳು. ನಾನು ಬಾಟಲಿಗಳನ್ನು ಅಲ್ಲೇ ಚೆಲ್ಲಿ ಜೊತೆಗೆ ಓಡಿದೆ. ನಡುವೆ ಎಲ್ಲೋ ಅಣ್ಣನ ಮಗಳು ನಮ್ಮ ಗಾಲಿಯ ಮೇಲೆ ನಮ್ಮನ್ನು ದಾಟಿ ಹೋದಳು. ನಾವು ಮುಟ್ಟುವ ಹೊತ್ತಿಗೆ ಗುರಿಯ ಬಟ್ಟೆ ಬಿಚ್ಚಿ ಮಡಚುತ್ತಿದ್ದರು.

ಸಂಜೆ ಅಣ್ಣನ ಮಗಳು ನಮ್ಮ ಕೋಣೆಗೆ ಬಂದು, "ನಾನು ಬೇಡ ಅಂದೆ ಕಣೆ," ಎಂದಳು.

"ಬ್ಯಾಡ ಅಂದೂ ಹತ್ತಿದಿ ಏನು?" ಎಂದು ಇವಳು ಕೇಳಿದಳು. ಅವಳು ತಲೆ ತಗ್ಗಿಸಿ ಹೋದಳು. ಅವಳಿಗೂ ಯಾವ ಸ್ಥಾನವೂ ಬಂದಿರಲಿಲ್ಲ. ಆದರೆ ಮುಗಿಸಿದವರ ಪ್ರಮಾಣಪತ್ರ ಅವಳಿಗೆ ಸಿಕ್ಕಿತು. ಗಾಲಿಯನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಬಸವಕಲ್ಯಾಣದಲ್ಲಿ ನಮಗೆ ಸನ್ಮಾನ ಇಟ್ಟರು. ಊರಿನವರಿಗೆ ಏನೂ ಗೊತ್ತಿರಲಿಲ್ಲ, ನಮ್ಮ ಹುಡುಗಿಯರು ದೇಶ ನೋಡಿ ಬಂದರೆಂಬ ಖುಷಿ. ಮುಖ್ಯ ಅತಿಥಿ ಅದೇ ಕಾರ್ಯದರ್ಶಿ. ಹಿಂದುಳಿದ ಗಡಿನಾಡಿನ ಹುಡುಗಿಯರನ್ನು ಸಂಘ ಹೇಗೆ ಸಾಕಿ ಬೆಳೆಸಿತು ಎಂದು ಬಹಳ ಹೊತ್ತು ಮಾತಾಡಿದ. ಮೊಟ್ಟೆ ಹಾಲಿನ ಮಾತೂ ಬಂತು. ಆಮೇಲೆ ಊರ ಹಿರಿಯರು ಅವಳನ್ನು ಮೈಕಿನ ಮುಂದೆ ಕರೆದು, "ಸಂಘದ ಬಗ್ಗೆ ನಾಲ್ಕು ಮಾತು ಹೇಳಮ್ಮ," ಎಂದರು.

ಅವಳು ಶಾಲು ಸರಿಮಾಡಿಕೊಂಡು ಹೇಳಿದಳು. "ಸಾಹೇಬ್ರ, ನಮ್ಮ ಅಕ್ಕನ ಗಾಲಿ ಎಲ್ಲಿ ಅದರಿ? ಓಡಾಕತ್ತಿದ್ದೆ, ನಿಲ್ಲಿಸಿ ಕಿತ್ತಕೊಂಡ್ರಿ. ವಾಪಸ್ ಯಾವಾಗ ಕೊಡ್ತೀರಿ?"

 ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಅವ್ವ ಎದ್ದು ನಿಂತಳು. ಯಾರೋ ಮೈಕ್ ಆರಿಸಿದರು. ಮೈಕಿಲ್ಲದೆಯೇ ಅವಳು ಎಲ್ಲವನ್ನೂ ಹೇಳಿದಳು. ಸೀರೆಯ ಗಂಟು, ಬಾಳೆಹಣ್ಣು, ಬೀಗದೊಳಗಿನ ಸೈಕಲ್, ಒಂದೂ ಬಿಡದೆ. ಕಾರ್ಯದರ್ಶಿ ಊಟಕ್ಕೂ ನಿಲ್ಲದೆ ಹೊರಟ.

ಮರುವಾರ ಅಪ್ಪ ಅವನ ಮನೆಗೆ ಹೋಗಿ ಬಾಗಿಲ ಮುಂದೆ ನಿಂತರು. ಗಾಲಿ ಸಂಘದ ಆಸ್ತಿ ಎಂದನಂತೆ ಕಾರ್ಯದರ್ಶಿ. ಅಪ್ಪ ಬೀದಿಯ ಜನ ಸೇರುವ ಹಾಗೆ ಕೂಗಿದರಂತೆ. ಕೊನೆಗೆ ಗಾಲಿ ತಂದೇ ತಂದರು.

ನಮಗೆ ಸಿಕ್ಕ ಪ್ರತಿಫಲ ಬೇರೆ. ಅಶಿಸ್ತು ಎಂದು ಇಬ್ಬರನ್ನೂ ಮುಂದಿನ ಸ್ಪರ್ಧೆಗಳಿಂದ ಹೊರಗಿಟ್ಟರು. ಮರುವರ್ಷ ನಮ್ಮ ಜಿಲ್ಲೆಯಲ್ಲಿ ಸ್ಪರ್ಧೆಯನ್ನೇ ಇಡಲಿಲ್ಲ, ಇಲ್ಲಿ ಓಡಿಸುವವರೇ ಇಲ್ಲವೆಂದು. ಕ್ರೀಡಾಪಟುಗಳಿಗೆ ಮೀಸಲಾದ ಕೆಲಸಕ್ಕೆ ಅವಳು ಅರ್ಜಿ ಹಾಕಿದಾಗ, ಇವಳು ಸ್ಪರ್ಧೆ ಮುಗಿಸಿಲ್ಲ ಎಂದು ಸಂಘ ತಿಳಿಸಿತು. ಅಣ್ಣನ ಮಗಳು ಅದೇ ಪ್ರಮಾಣಪತ್ರ ತೋರಿಸಿ ಬ್ಯಾಂಕಿನಲ್ಲಿ ಕೂತಳು. ಇವಳು ತಾನೇ ಓದಿ ಪಾಸಾಗಿ ಅಂಗನವಾಡಿ ಸೇರಿದಳು. ನಾನು ಶಾಲೆಯಲ್ಲಿ ಪಾಠ ಹೇಳತೊಡಗಿದೆ.

ಕೆಲವು ವರ್ಷಗಳ ಮೇಲೆ ಹುಮ್ನಾಬಾದ್ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದಾಗ, ಆ ಸನ್ಮಾನ ಏರ್ಪಡಿಸಿದ್ದ ಹಿರಿಯರೊಬ್ಬರು ಸಿಕ್ಕರು. "ಆಗಿದ್ದು ಆಯ್ತು ತಾಯಂದಿರಾ, ಎಷ್ಟು ದಿನ ಸಿಟ್ಟು ಇಟ್ಕೋತೀರಿ? ಬಿಟ್ಟುಬಿಡ್ರಿ," ಎಂದರು.

ಅವಳು ಸೊಂಟದ ಮೇಲಿನ ಕೂಸನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು. "ಯಾಕ ಬಿಡಬೇಕ್ರಿ ಕಾಕಾ? ಅವತ್ತು ನಾ ಮುಂದಿದ್ದೆ. ಅವರ ಮಾತು ಕೇಳಿದ್ರಿ, ನಂದು ಯಾರೂ ಕೇಳಲಿಲ್ಲ, ಮೈಕ್ ಬಂದ್ ಮಾಡಿದ್ರಿ. ಮೊದಲು ಅದು ಯಾರು ಬಂದ್ ಮಾಡಿದ್ರು ಹೇಳ್ರಿ."

ಹಿರಿಯರು ಬಸವಕಲ್ಯಾಣದ ಬಸ್ಸು ಬಂತೆಂದು ಹೊರಟರು. ಬಸ್ಸು ಇನ್ನೂ ಬಂದಿರಲಿಲ್ಲ.