ಆರು ಗೋಲಿಗೂ ಚಪ್ಪಾಳೆ

ಮಧ್ಯಾಹ್ನದ ಕಾಫಿಗೆಂದು ಗೋಕುಲಂನ ಹೋಟೆಲೊಂದಕ್ಕೆ ಹೋಗಿದ್ದೆ. ಪಕ್ಕದ ಮೇಜಿನಲ್ಲಿ ವಿದೇಶಿ ಹೆಂಗಸೊಬ್ಬರು ನೀರಿನ ಲೋಟಕ್ಕೆ ಮೊಬೈಲ್ ಆನಿಸಿಟ್ಟು ಫುಟ್‌ಬಾಲ್ ನೋಡುತ್ತಿದ್ದರು. ಅವರ ದೇಶದ ಹೆಣ್ಣುಮಕ್ಕಳ ತಂಡ ಖಂಡದ ಚಾಂಪಿಯನ್‌ಶಿಪ್ ಆಡುತ್ತಿರುವುದು ಇದೇ ಮೊದಲಂತೆ. ತಂಡ ಐದು ಗೋಲು ಬಿಟ್ಟುಕೊಟ್ಟಿದ್ದರೂ ಆಕೆ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಗಲ್ಲಾದಲ್ಲಿದ್ದ ಯಜಮಾನರು ನನ್ನತ್ತ ಬಾಗಿದರು. "ಬೆಟ್ಟಿಂಗ್ ಕಣ್ರೀ. ಸೋಲೋರಿಗೆ ಯಾರಾದ್ರೂ ಚಪ್ಪಾಳೆ ಹೊಡೀತಾರಾ? ಎದುರು ಟೀಮ್ ಮೇಲೆ ಕಟ್ಬುಟ್ಟವ್ರೆ."

ನನಗೂ ಹೌದೆನಿಸಿತು.

ಆರನೆಯ ಗೋಲಾದಾಗ ಆಕೆ ನಮ್ಮತ್ತ ತಿರುಗಿ, ಪರದೆಯಲ್ಲಿದ್ದ ಗೋಲ್‌ಕೀಪರನ್ನು ತೋರಿಸಿ, "ನನ್ನ ಮಗಳು" ಎಂದರು.

ಯಜಮಾನರು ಎದ್ದು ಬಂದು ಬಗ್ಗಿ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮೂಗೇನೋ ಒಂದೇ ಥರ ಅದೆ. ಆದ್ರೆ ಇಂಥ ದಿನ ಹೆತ್ತ ತಾಯಿ ಇಲ್ಯಾಕೆ ಕೂತವ್ರೆ?"