ಪಿಯಾನೋ ಮಿಸ್ ಮತ್ತು ಎರಡು ವಾಲ್ಟ್ಸ್

ಕಷ್ಟಪಟ್ಟು ಕಲಿತದ್ದನ್ನು ಕೇಳಿ ಎದುರಿಗಿದ್ದವರು ಆಕಳಿಸಿದ್ದು ನಿಮಗೂ ಆಗಿದೆಯಾ?

ತೊಂಬತ್ತರ ದಶಕದ ದೊಡ್ಡಬಳ್ಳಾಪುರ. ನಾನು ಮಿಸ್ ಮನೆಗೆ ಹೋಗಿ ಪಿಯಾನೋ ಕಲಿಯುತ್ತಿದ್ದೆ. ವಾಲ್ಟ್ಸ್ ಅಂದರೆ ಮೂರು ಎಣಿಕೆಯಲ್ಲಿ ತೂಗುವ ಕುಣಿತದ ಸಂಗೀತ. ಸ್ಕೂಲ್ ಡೇಗೆ ನಾನು ಎಲ್ಲಕ್ಕಿಂತ ಕಷ್ಟದ ವಾಲ್ಟ್ಸನ್ನೇ ನುಡಿಸುತ್ತೇನೆಂದು ಹಟ ಹಿಡಿದೆ. ಪಿಯಾನೋ ಮಿಸ್ ಕನ್ನಡಕವನ್ನು ತಲೆಗೇರಿಸಿ, ಎಂದಿನಂತೆ "ಕೇಳೋರು ಯಾರಮ್ಮಾ?" ಎಂದರು.

ಕರೆಂಟ್ ಹೋಗಿ ಪಕ್ಕದ ಮನೆಯ ಮಗ್ಗಗಳು ನಿಂತಿದ್ದವು. ಮಿಸ್ ಕಿಟಕಿ ತೆರೆದು ಅಲ್ಲಿನ ನೇಕಾರ ಅಕ್ಕನನ್ನು ಕರೆದರು. ನಾನು ಒಂದೂ ತಪ್ಪಿಲ್ಲದೆ ನುಡಿಸಿದೆ.

ಅಕ್ಕ ಆಕಳಿಸಿದಳು. "ಯಾಕಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ರಾ?"

ಮಿಸ್ ಸುಲಭದ ವಾಲ್ಟ್ಸೊಂದನ್ನು ನುಡಿಸಿದರು. ಅಕ್ಕನ ತಲೆ ತಾನಾಗಿ ತೂಗಿತು. "ಇದು ಚೆನ್ನಾಗೈತೆ, ಇನ್ನೊಂದ್ಸಲ ಬಾರ್ಸಿ ಮಿಸ್ಸೇ!"

ಮಿಸ್ ಮತ್ತೆ ನುಡಿಸತೊಡಗಿದರು. ಕಷ್ಟದ ವಾಲ್ಟ್ಸಿನ ಪುಸ್ತಕವನ್ನು ನಾನೇ ಮುಚ್ಚಿದೆ.

ನಿಮ್ಮ ಹಟ ಇಳಿಸಿದವರು ಯಾರು? ಕಾಮೆಂಟಲ್ಲಿ ಬರೆಯಿರಿ, ನಾಚಿಕೆ ಬೇಡ.